ಸೋತವರ ಮನವರಿತ ಆಚಾರ್ಯ ಬಿ. ಎಂ. ಶ್ರೀ

ನಮ್ಮ ತೆಂಗಿನ ಸೀಮೆಯಲ್ಲಿ, ತುರುವೇಕೆರೆ ತಾಲ್ಲೂಕಿಗೆ ಸೇರಿದ ಸಂಪಿಗೆ ಎಂಬ ಗ್ರಾಮವಿದೆ. 1884ನೆಯ ಇಸವಿ ಜನವರಿ 3ರಂದು, ತಾಯಿಯ ತವರಾದ ಈ ಊರಿನಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಜನ್ಮವೆತ್ತಿದರು. ತಂದೆ ಮೈಲಾರಯ್ಯನವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನವರು, ವಕೀಲಿ ವೃತ್ತಿಯವರು. ಹೆಸರಿನ ಮೊದಲಲ್ಲಿ ಬೆಳ್ಳೂರು ಉಳಿದುಕೊಂಡಿತು, ಸಂಪಿಗೆಯನ್ನು ಜನ ಮರೆತರು. ಆದರೂ ತಾಯಿಯ ತವರಿನವರು ಎಂಬ ಸಲಿಗೆಯಿಂದ ನಮಗೂ ಶ್ರೀಯವರಲ್ಲಿ ಕೊಂಚ ಹಕ್ಕುಂಟೆಂದು ಭಾವಿಸಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ಮುಂದಾಳಾಗುವವನಿಗೆ ಬುದ್ಧಿಯೊಂದೇ ಸಾಲದು, ತನ್ನ ಭಾವನೆಗಳನ್ನೂ ಪರರ ಭಾವನೆಗಳನ್ನೂ ಅರಿತು ನಡೆಯುವ ಜಾಣ್ಮೆ ಬೇಕು ಎಂದು ಇಂದಿನ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. 1990ರಲ್ಲಿ ಅಮೆರಿಕದ ಸಾಲೊವೆ ಮತ್ತು ಮೇಯರ್ ಎಂಬಿಬ್ಬರು ವಿದ್ವಾಂಸರು ಇದನ್ನು ಶಾಸ್ತ್ರೀಯವಾಗಿ ವಿವರಿಸಿದ ಮೇಲೆ ಇದಕ್ಕೆ ಭಾವನಾತ್ಮಕ ಬುದ್ಧಿಮತ್ತೆ ಎಂಬ ದೊಡ್ಡ ಹೆಸರು ಬಂದಿದೆ. ಹೆಸರು ಹೊಸದಾಗಿರಬಹುದು, ವಸ್ತು ಹಳೆಯದು. ಶ್ರೀಯವರ ಬಾಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ.

ಅವರ ವಿದ್ಯಾಭ್ಯಾಸದ ವಿವರಗಳಲ್ಲಿ ನಾನು ಹೆಚ್ಚು ನಿಲ್ಲುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಎಳೆಯ ವಯಸ್ಸಿನಲ್ಲಿಯೇ ಪತ್ನಿವಿಯೋಗವಾಯಿತು. ಅವರು ಮರುಮದುವೆಯಾಗಲಿಲ್ಲ.

ಅವರು ಅಧ್ಯಾಪಕರಾದ ಕಾಲ ಎಂಥದು? ಓದಿದವರು ಕನ್ನಡ ಮಾತನಾಡಲು ನಾಚುತ್ತಿದ್ದ ಕಾಲ. ಓದದವರು ಇಂಗ್ಲಿಷನ್ನು ಕಂಡು ಹೆದರುತ್ತಿದ್ದ ಕಾಲ. ಒಂದೇ ಮನೆಯಲ್ಲಿ ನಾಚಿಕೆಯೂ ಹೆದರಿಕೆಯೂ ಕೂಡಿದರೆ ಅಣ್ಣ ತಮ್ಮಂದಿರ ನಡುವೆ ಮಾತೇ ನಿಂತುಹೋಗುತ್ತದೆ. ಈ ರೋಗ ಪೂರ್ತಿ ವಾಸಿಯಾಗಿದೆಯೆಂದು ನನಗೆ ತೋರುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೊದಲ ವರ್ಷ ಇಂಗ್ಲಿಷ್ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದೆ; ಊರಿಗೆ ಹೋದಾಗ ಪಾಠದ ವಿಷಯ ಏನೆಂದು ನಮ್ಮಪ್ಪ ಕೇಳಿದರೆ ಹೇಳಲು ಮಾತು ಸಿಗುತ್ತಿರಲಿಲ್ಲ. ನನ್ನ ಸಹಪಾಠಿಗಳಲ್ಲಿ ಹಲವರಿಗೆ ಈ ಸಂಕಟ ಗೊತ್ತು.

ಇಂಗ್ಲಿಷ್ ಪಂಡಿತರಾದ ಶ್ರೀಯವರು ಈ ಸಂಕಟವನ್ನು ಕಂಡುಕೊಂಡದ್ದೇ ಅವರ ಹಿರಿಮೆ. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡವು ಮತ್ತೆ ತಲೆಯೆತ್ತುವ ಬಗೆ ಯಾವುದೆಂಬ ವಿಷಯವಾಗಿ ಅವರು ಮಾಡಿದ ಉಪನ್ಯಾಸ ಪ್ರಸಿದ್ಧವಾಗಿದೆ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮೈಸೂರು ಅರಸರ ಸಂಸ್ಥಾನವಾಗಿತ್ತು. ಕನ್ನಡಿಗ ಕನ್ನಡಿಗನಿಗೇ ಪರದೇಶಿ. ನಾಚಿಕೆಪಟ್ಟವನನ್ನು ಬೈದರೆ ಅವನು ಇನ್ನಷ್ಟು ಮುದುಡಿಕೊಳ್ಳುತ್ತಾನೆ. ಶ್ರೀಯವರು ಬೈಯುವ ದಾರಿ ಹಿಡಿಯಲಿಲ್ಲ, ಮಾಡಿ ತೋರಿಸಿದರು.

1926ರಲ್ಲಿ ಹೊರಬಂದ ‘ಇಂಗ್ಲಿಷ್ ಗೀತಗಳು’ ಆ ಮಾಡಿ ತೋರಿಸಿದ ಕೆಲಸ. ಸ್ಕಾಟ್ಲೆಂಡಿನ ಬರ್ನ್ಸ್ ಕವಿಯ ಹಳ್ಳಿಯ ಹುಡುಗ ಹುಡುಗಿಯರು ಇಲ್ಲಿ ಮಾದ, ಮಾದಿಯರಾದರು. ಹುಡುಗ ಬೇಡುವುದು, ಹುಡುಗಿ ಬಿಂಕ ಮಾಡುವುದು, ಅವನು ಸುಮ್ಮನಾದ ಮೇಲೆ ಇವಳಿಗೆ ಕಳವಳ ಹುಟ್ಟುವುದು — ಇದು ಯಾವ ದೇಶದಲ್ಲಿಲ್ಲ? ತರಗತಿಯಲ್ಲಿ ಭೂತದಂತೆ ಕಾಣುತ್ತಿದ್ದ ಇಂಗ್ಲಿಷ್ ಕವಿತೆ ನಮ್ಮ ಕೇರಿಯ ಜಗಳವಾಗಿ ಬಂದು ಜಗಲಿಯ ಮೇಲೆ ಕುಳಿತಿತು. ಅದೇ ಪುಸ್ತಕದಲ್ಲಿ, ಬಾಳು ಸಾಕಾಗಿ ನೀರಿಗೆ ಬಿದ್ದು ಸತ್ತ ಅನಾಥ ಹೆಣ್ಣೊಬ್ಬಳಿಗಾಗಿ ಮರುಗುವ ‘ದುಃಖಸೇತು’ವೂ ಇದೆ. ಮೂಲ ಹುಡ್ ಕವಿಯದು. ಕವಿ ಅವಳ ತಪ್ಪನ್ನು ಎಣಿಸಲು ಹೋಗುವುದಿಲ್ಲ.

ಅವರ ಮೂರು ನಾಟಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೊಂದು ಸಂಗತಿ ಹೊಳೆಯಿತು. ‘ಗದಾಯುದ್ಧ ನಾಟಕ’ಕ್ಕೆ ರನ್ನನ ಕಾವ್ಯವೇ ಆಧಾರ, ಅಲ್ಲಿ ನಮ್ಮ ಕಣ್ಣು ಒದ್ದೆಯಾಗುವುದು ಗೆದ್ದ ಭೀಮನಿಗಾಗಿ ಅಲ್ಲ, ಬಂಧುಬಳಗವನ್ನೆಲ್ಲ ಕಳೆದುಕೊಂಡ ದುರ್ಯೋಧನನಿಗಾಗಿ. 1929ರ ‘ಅಶ್ವತ್ಥಾಮನ್’ ಗ್ರೀಕ್ ಕವಿ ಸೊಫೊಕ್ಲಿಸನ ‘ಅಯಾಸ್’ ನಾಟಕದ ರೂಪಾಂತರ. ಚಿರಂಜೀವಿಯನ್ನು ಸಾಯಿಸುವುದುಂಟೇ ಎಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪದಲ್ಲಿ ನ್ಯಾಯವಿಲ್ಲದಿಲ್ಲ. ಆದರೂ ಅವಮಾನದಿಂದ ಬೆಂದ ವೀರನ ಒಳಗನ್ನು ಅಷ್ಟು ಹತ್ತಿರದಿಂದ ತೋರಿಸಿದ ನಾಟಕ ಅದಕ್ಕೆ ಮುಂಚೆ ಕನ್ನಡದಲ್ಲಿ ಇರಲಿಲ್ಲವೆಂದೇ ನನ್ನ ಎಣಿಕೆ. 1935ರ ‘ಪಾರಸಿಕರು’ ಇನ್ನೂ ವಿಚಿತ್ರ. ಅದರ ಮೂಲಕರ್ತ ಈಸ್ಕಿಲಸ್ ಪಾರಸಿಕರ ವಿರುದ್ಧ ಸ್ವತಃ ಯುದ್ಧ ಮಾಡಿದ ಗ್ರೀಕ್ ಯೋಧ, ಅವನೇ ಕ್ರಿ. ಪೂ. 472ರಲ್ಲಿ, ಗೆದ್ದ ಅಥೆನ್ಸಿನವರ ಮುಂದೆ, ಸೋತ ಶತ್ರುವಿನ ಅರಮನೆಯ ಗೋಳನ್ನು ಆಡಿಸಿದನು! ದುರ್ಯೋಧನ, ಅಶ್ವತ್ಥಾಮ, ಪಾರಸಿಕ ದೊರೆ — ಮೂವರೂ ಸೋತವರು. ಶ್ರೀಯವರ ಮನಸ್ಸು ಮೂರು ಸಲವೂ ಸೋತವರ ಕಡೆಗೇ ಹರಿಯಿತು. ಕನ್ನಡ ಜನರನ್ನೂ ಅವರು ಈ ಕಣ್ಣಿನಿಂದಲೇ ಕಂಡರೆಂದು ನಾನು ನಂಬಿದ್ದೇನೆ.

ಅಟ್ಟದ ಮೇಲಿನ ತೆಂಗಿನಕಾಯಿಯನ್ನು ನಮ್ಮಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಸದ್ದು ಮಾಡುವವರೆಗೆ ಅದನ್ನು ಒಡೆಯುವುದಿಲ್ಲ. ಅವಸರಪಟ್ಟರೆ ಉಂಡೆ ಕೊಬ್ಬರಿ ಸಿಕ್ಕುವುದಿಲ್ಲ. ಜನರ ಮನಸ್ಸಿನ ಸದ್ದಿಗೆ ಶ್ರೀಯವರು ಹೀಗೆ ಕಿವಿಗೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ಪ್ರಾರಂಭವಾಗಲು ಶ್ರಮಿಸಿದರು. 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1938ರಿಂದ 1943ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಕಾವ, ಜಾಣ ಪರೀಕ್ಷೆಗಳು ಬಂದವು. ಮಹಿಳಾ ಶಾಖೆ ಹುಟ್ಟಿತು. ಕಾಲೇಜಿನ ಬಾಗಿಲನ್ನೇ ಕಾಣದವನೂ ತಾನು ಕನ್ನಡದಲ್ಲಿ ಜಾಣನೆಂದು ಹೇಳಿಕೊಳ್ಳುವಂತಾಯಿತು. ಪರೀಕ್ಷೆಗೆ ‘ಜಾಣ’ ಎಂದು ಹೆಸರಿಡುವುದರಲ್ಲಿ ಎಷ್ಟು ಮಮತೆಯಿದೆ ನೋಡಿರಿ!

ಶಿಷ್ಯರನ್ನು ಬೆಳೆಸಿದ್ದಕ್ಕಾಗಿ ಅವರನ್ನು ಕನ್ನಡದ ಕಣ್ವರೆಂದು ಕರೆದರು. ಕಣ್ವರು ಹೆತ್ತ ತಂದೆಯಲ್ಲ, ಸಾಕಿದ ತಂದೆ. ಆದ್ದರಿಂದ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಈ ಶಿಷ್ಯರಲ್ಲಿ ನಮ್ಮವರೇ ಒಬ್ಬರಿದ್ದಾರೆ: ಚಿಕ್ಕನಾಯಕನಹಳ್ಳಿ ತಾಲ್ಲೂಕು ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು. ಗುರುವಿನಂತೆ ಇವರೂ ಇಂಗ್ಲಿಷ್ ಬಲ್ಲವರು. ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಬರೆದವರು. ಶಿಷ್ಯರೂ ಮಿತ್ರರೂ ಕೂಡಿ 1941ರಲ್ಲಿ ಶ್ರೀಯವರಿಗೆ ‘ಸಂಭಾವನೆ’ ಎಂಬ ಗ್ರಂಥವನ್ನು ಅರ್ಪಿಸಿದರು.

1942ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಶ್ರೀಯವರು ಮನೆಯಲ್ಲಿ ಕೂತು ಸುಖಪಡಬಹುದಾಗಿತ್ತು. ಧಾರವಾಡದವರು ತಮ್ಮ ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬರಬೇಕೆಂದು ಕೇಳಿದರು. ಅರವತ್ತು ದಾಟಿದವರು ಹೊರಟರು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಉಪನ್ಯಾಸ ಮಾಡಿದ ಆ ಊರಿನಲ್ಲಿಯೇ, 1946ರ ಜನವರಿ 5ರಂದು, ಹುಟ್ಟಿದ ದಿನ ಕಳೆದು ಎರಡೇ ದಿನಕ್ಕೆ ತೀರಿಕೊಂಡರು. ಧಾರವಾಡವೂ ಕಲಬುರಗಿಯೂ ಮೈಸೂರಿನೊಡನೆ ಒಂದೇ ರಾಜ್ಯವಾದದ್ದು ಅದಾಗಿ ಹತ್ತು ವರ್ಷಕ್ಕೆ, 1956ರ ನವೆಂಬರ್ 1ರಂದು.