ಶಸ್ತ್ರಚಿಕಿತ್ಸೆಯ ಪಿತಾಮಹ ಅಬುಲ್ ಕಾಸಿಮ್ ಅಝ್ಝಹ್ರಾವಿ

ಯುರೋಪಿನವರು ಅಬುಲ್ಕಾಸಿಸ್ ಎಂದು ಕರೆದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರು ಸುಮಾರು ಕ್ರಿ.ಶ. 936ರಲ್ಲಿ ಸ್ಪೇನಿನ ಕೊರ್ಡೋವಾ ಬಳಿಯ ಮದೀನತುಝ್ಝಹ್ರಾದಲ್ಲಿ ಜನಿಸಿದರು. ಅದು ಖಲೀಫ ಮೂರನೇ ಅಬ್ದುರ್ರಹ್ಮಾನರು ಕಟ್ಟಿಸಿದ ನಗರ.

ಅವರ ಕಾಲದಲ್ಲಿ ಅಂಗರಚನೆಯ ಅರಿವಿಲ್ಲದವರೂ ಕತ್ತಿ ಹಿಡಿಯುತ್ತಿದ್ದರು. ಅಂತಹ ವೈದ್ಯನೊಬ್ಬ ಮಹಿಳೆಯೊಬ್ಬರ ಕುತ್ತಿಗೆಯ ಗಡ್ಡೆ ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿದ. ಆಕೆ ರಕ್ತ ಸೋರಿ ಅಲ್ಲೇ ಪ್ರಾಣ ಬಿಟ್ಟರು. ಇದನ್ನು ಕಣ್ಣಾರೆ ಕಂಡ ಅಝ್ಝಹ್ರಾವಿಯವರು ದೇಹದ ರಚನೆ ತಿಳಿಯದೆ ಶಸ್ತ್ರ ಹಿಡಿಯಬಾರದೆಂದು ಶಿಷ್ಯರಿಗೆ ಬೋಧಿಸಿದರು.

ಕ್ರಿ.ಶ. 1000ದ ಸುಮಾರಿಗೆ ಪೂರ್ಣಗೊಂಡ 'ಅತ್ತಸ್ರೀಫ್' ಅವರ ಜೀವಮಾನದ ಸಾಧನೆ. ಅದರ 30 ಭಾಗಗಳಲ್ಲಿ ಕೊನೆಯದು ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳು ಅದರಲ್ಲಿವೆ. ಬಾವಿನೊಳಗೆ ಏನಿದೆಯೆಂದು ಚುಚ್ಚಿ ಪರೀಕ್ಷಿಸುವ ಸೂಜಿಯಂತಹ ಉಪಕರಣವೂ ಅವುಗಳಲ್ಲೊಂದು. ರಕ್ತನಾಳದ ಉಬ್ಬನ್ನು ಕೀವಿನ ಗಡ್ಡೆಯೆಂದು ಭಾವಿಸಿ ಕೊಯ್ದರೆ ಪ್ರಾಣಕ್ಕೇ ಅಪಾಯವೆಂದೂ ಅವರು ಎಚ್ಚರಿಸಿದ್ದಾರೆ.

ಈ ಎಚ್ಚರಿಕೆ ಇಂದು ನಮ್ಮ ವಿದ್ಯಾರ್ಥಿಗಳಿಗೂ ಅಗತ್ಯ. ಹಲವರ ಮಣಿಕಟ್ಟಿನ ಮೇಲೆ ನುಣುಪಾದ ಗಂಟೊಂದು ಏಳುವುದುಂಟು. ವೈದ್ಯರು ಇದನ್ನು ಗ್ಯಾಂಗ್ಲಿಯಾನ್ ಎನ್ನುತ್ತಾರೆ. ಕೀಲಿನ ಅಥವಾ ಸ್ನಾಯುರಜ್ಜುವಿನ ಪೊರೆಯಿಂದ ಹುಟ್ಟುವ ಈ ಚೀಲದೊಳಗೆ ಲೋಳೆಯಂತಹ ದ್ರವವಿರುತ್ತದೆ. 20ರಿಂದ 40 ವಯಸ್ಸಿನವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇದು ಹೆಚ್ಚು. ಇದು ಕ್ಯಾನ್ಸರ್ ಅಲ್ಲ. ಎಷ್ಟೋ ಗಂಟುಗಳು ತಾವಾಗಿಯೇ ಕರಗುತ್ತವೆ. ಸೂಜಿಯಿಂದ ದ್ರವ ತೆಗೆದರೂ ಮತ್ತೆ ತುಂಬಿಕೊಳ್ಳುವುದುಂಟು. ಶಸ್ತ್ರಚಿಕಿತ್ಸೆಯ ನಂತರವೂ ಕೆಲವೊಮ್ಮೆ ಮರುಕಳಿಸುತ್ತದೆ.

ದಪ್ಪ ಪುಸ್ತಕದಿಂದ ಹೊಡೆದು ಗಂಟನ್ನು ಒಡೆಯುವ ಹಳೆಯ ಪದ್ಧತಿ ಅಪಾಯಕಾರಿ. ನಾಡಿ ಹಿಡಿಯುವ ಜಾಗದ ಗಂಟಿನ ಪಕ್ಕದಲ್ಲೇ ರಕ್ತನಾಳವಿರುವುದರಿಂದ ಅದನ್ನು ಚುಚ್ಚುವುದಂತೂ ಸಲ್ಲದು. ನೋವು, ಜೋಮು, ಬೇಗನೆ ಬೆಳೆಯುವಿಕೆ, ಗಟ್ಟಿತನ ಅಥವಾ ಮಿಡಿತ ಕಂಡುಬಂದರೆ ವೈದ್ಯರಿಗೆ ತೋರಿಸಬೇಕು. ಗಂಟು ಯಾವುದೆಂದು ಮೊದಲು ತಿಳಿಯಬೇಕು, ಆಮೇಲೆ ಚಿಕಿತ್ಸೆ.

ಅಂತರ್ಯುದ್ಧದಲ್ಲಿ ಮದೀನತುಝ್ಝಹ್ರಾ ನಾಶವಾಯಿತು. ಸುಮಾರು 1013ರಲ್ಲಿ ಅಝ್ಝಹ್ರಾವಿಯವರೂ ನಿಧನರಾದರು. ಆದರೆ ಅವರ ಗ್ರಂಥ ಉಳಿಯಿತು. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದರು. ಮುಂದೆ ಶತಮಾನಗಳ ಕಾಲ ಯುರೋಪಿನ ವೈದ್ಯರು ಅದನ್ನು ಓದಿ ಕಲಿತರು. ಅರಿವಿಲ್ಲದ ಕೈಯಿಂದ ರೋಗಿಯನ್ನು ಕಾಪಾಡುವುದು ಅವರ ಹಂಬಲವಾಗಿತ್ತು. ವೈದ್ಯರಾಗಬೇಕೆಂಬ ಕನಸು ಹೊತ್ತ ನಮ್ಮ ಮಕ್ಕಳು ಅವರಿಂದ ಮೊದಲು ಕಲಿಯಬೇಕಾದ ಪಾಠವೂ ಇದೇ.