ಹಿಮದ ಹರಳು ಹಿಡಿದ ಹಳ್ಳಿಗ

ನಮ್ಮ ಕನ್ಯಾನದಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್, ಜನವರಿಯ ಬೆಳಿಗ್ಗೆ ಅಡಿಕೆ ತೋಟದ ಜೇಡರ ಬಲೆಗಳ ಮೇಲೆ, ಅಂಗಳದಂಚಿನ ಹುಲ್ಲಿನ ಮೇಲೆ ಕೂರುವ ಇಬ್ಬನಿಯೇ ನಮ್ಮ ಪಾಲಿನ ಚಳಿಗಾಲ. ಅದರ ಫೋಟೊ ತೆಗೆಯಬೇಕೆಂದು ಯಾರಿಗೂ ಅನಿಸುವುದಿಲ್ಲ. ಫೋನುಗಳು ಮೇಲೇಳುವುದು ಅಷ್ಟಮಿಯ ಮೊಸರುಕುಡಿಕೆಗೆ, ಶಾರದೋತ್ಸವದ ಮೆರವಣಿಗೆಗೆ. ಟ್ಯಾಬ್ಲೋ ಬಂದರೆ ಒಂದು, ಹುಲಿವೇಷದವರು ತಾಸೆಯ ಪೆಟ್ಟಿಗೆ ಕುಣಿದರೆ ಇನ್ನೊಂದು. ಮರುದಿನ ನೋಡಿದರೆ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಹುಲಿ, ಅದೇ ಬಾಲ! ನಾನೂ ಅಂಥವನ್ನು ಬೇಕಾದಷ್ಟು ತೆಗೆದಿದ್ದೇನೆ, ಕೆಲವು ಚೆನ್ನಾಗಿಯೇ ಬಂದಿವೆ. ಆದರೂ ಫೋಟೊಗ್ರಫಿ ಎಂದಾಗ ನನಗೆ ಮೊದಲು ನೆನಪಾಗುವುದು ಹಸು ಸಾಕಿಕೊಂಡು, ಹುಟ್ಟಿದ ಹಳ್ಳಿಯಲ್ಲೇ ಇದ್ದು, ಆಕಾಶದಿಂದ ಬೀಳುವ ಹಿಮದ ಹರಳನ್ನು ಒಂದೊಂದಾಗಿ ಹಿಡಿದು ಫೋಟೊ ತೆಗೆದ ಒಬ್ಬ ರೈತ. ಹೆಸರು ವಿಲ್ಸನ್ ಬೆಂಟ್ಲಿ.

ಈತ ಹುಟ್ಟಿದ್ದು 1865ರ ಫೆಬ್ರವರಿ 9ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಲ್ಲಿ. ವರ್ಷಕ್ಕೆ ಸುಮಾರು 10 ಅಡಿ ಹಿಮ ಬೀಳುವ ಜಾಗ ಅದು. ಅಮ್ಮ ಮದುವೆಗೆ ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದವರು. ಹಾಗಾಗಿ ಮಗನಿಗೆ 14 ವರ್ಷದವರೆಗೂ ಮನೆಯಲ್ಲೇ ಪಾಠ. ಅವರ ಬಳಿ ಒಂದು ಹಳೆಯ ಮೈಕ್ರೋಸ್ಕೋಪ್ ಇತ್ತು. 15ನೇ ಹುಟ್ಟುಹಬ್ಬದ ಹೊತ್ತಿಗೆ ಅದು ಹುಡುಗನ ಕೈಗೆ ಬಂತು. ಹೊರಗೆ ಬೀಳುತ್ತಿದ್ದ ಹಿಮದ ಚೂರೊಂದನ್ನು ಅದರ ಕೆಳಗಿಟ್ಟು ನೋಡಿದ. ಆರು ಮೂಲೆ, ಮೂಲೆಯಿಂದ ಕವಲು, ಕವಲಿಗೆ ಮರಿಕವಲು; ಯಾರೋ ಕೂತು ರಂಗೋಲಿ ಹಾಕಿದ ಹಾಗೆ. ಅಲ್ಲಿಂದ ಮುಂದೆ ಅವನಿಗೆ ಬೇರೆ ಯಾವುದರ ಮೇಲೂ ಇಷ್ಟು ಮನಸ್ಸು ಕೂರಲಿಲ್ಲ.

ಮೊದಲು ಪೆನ್ಸಿಲ್ ಹಿಡಿದು ಚಿತ್ರ ಬಿಡಿಸಲು ಹೊರಟ. ಅರ್ಧ ಬಿಡಿಸುವಷ್ಟರಲ್ಲಿ ಹರಳು ಕರಗಿ ನೀರು. ಎರಡು ಮೂರು ಚಳಿಗಾಲ ಹೀಗೇ ಕಳೆಯಿತು. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆಯಬಹುದು ಎಂದು ಎಲ್ಲೋ ಓದಿದವನೇ ಮನೆಯಲ್ಲಿ ಹಟ ಹಿಡಿದ. ಎರಡೂ ಸೇರಿ ಸುಮಾರು 100 ಡಾಲರ್. ಅಪ್ಪನ ಹಟ್ಟಿಯಲ್ಲಿದ್ದ 10 ಹಸುಗಳ ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ ಆಗಿತ್ತಂತೆ!

ಈ ಜಾಗಕ್ಕೆ ಬಂದಾಗ ನಾನು ಪ್ರತಿಸಲ ಒಂದು ಕ್ಷಣ ನಿಲ್ಲುತ್ತೇನೆ. ನಮ್ಮಪ್ಪ ಯಾವ ವಸ್ತುವಿನ ಬೆಲೆ ಕೇಳಿದರೂ ಅದನ್ನು ಅಡಿಕೆಯ ಕಿಲೋ ಲೆಕ್ಕಕ್ಕೆ ತಂದು ಹೇಳುವವರು. ನಾನು ಕೇಳಿದ ಕ್ಯಾಮೆರಾ ಎಷ್ಟು ಕಿಲೋ ಅಡಿಕೆ ಎಂಬುದು ನಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ನಡೆಯುತ್ತಿರುವ ಚರ್ಚೆ. ನಾನೀಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೇನೆ. ಜೊತೆಯವರಲ್ಲಿ ಅರ್ಧ ಜನರ ಕಣ್ಣು ಬೆಂಗಳೂರಿನ ಮೇಲೆ, ಉಳಿದರ್ಧದ್ದು ಗಲ್ಫ್ ಮೇಲೆ. ಊರಲ್ಲೇ ಉಳಿದು ತೋಟ ನೋಡಿಕೊಳ್ಳುವವನಿಗೆ ಕ್ಯಾಮೆರಾ ಯಾಕೆ ಎಂಬುದು ಅಪ್ಪನ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಬೆಂಟ್ಲಿಯ ಅಪ್ಪನಿಗೂ ಹಿಮದ ಹಿಂದೆ ಹೋಗುವುದು ಹುಚ್ಚಾಟವಾಗಿಯೇ ಕಂಡಿತ್ತು. ಆದರೂ ದುಡ್ಡು ಕೊಟ್ಟರು.

ಕ್ಯಾಮೆರಾ ಬಂದ ಮಾತ್ರಕ್ಕೆ ಚಿತ್ರ ಬರಲಿಲ್ಲ. ಮೊದಮೊದಲು ಗಾಜಿನ ಪ್ಲೇಟುಗಳ ಮೇಲೆ ಮೂಡಿದ್ದು ಬರೀ ಮಸುಕು ನೆರಳು. ಲೆನ್ಸಿನ ಬಾಯನ್ನು ತೀರಾ ಚಿಕ್ಕದು ಮಾಡಿ, ಒಂದೂವರೆ ನಿಮಿಷದವರೆಗೂ ಬೆಳಕು ಬೀಳಲು ಬಿಟ್ಟರೆ ಅಂಚುಗಳು ಸ್ಪಷ್ಟವಾಗುತ್ತವೆ ಎಂಬುದನ್ನು ಹೇಳಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ತಾನೇ ಕಂಡುಕೊಂಡ. 1885ರ ಜನವರಿ 15ರಂದು ಮೊದಲ ಚಿತ್ರ ಸಿಕ್ಕಿತು. ಆಗ ಅವನಿಗಿನ್ನೂ 20 ತುಂಬಿರಲಿಲ್ಲ. ಹಿಮದ ಒಂಟಿ ಹರಳನ್ನು ಮೈಕ್ರೋಸ್ಕೋಪಿನ ಮೂಲಕ ಫೋಟೊದಲ್ಲಿ ಹಿಡಿದವರಲ್ಲಿ ಅವನೇ ಮೊದಲಿಗ ಎನ್ನುತ್ತಾರೆ.

ಕೆಲಸದ ಕ್ರಮ ಕೇಳಿದರೆ ನಮ್ಮ ಬೆರಳುಗಳೂ ಮರಗಟ್ಟುತ್ತವೆ. ಬೆಂಕಿಯಿಲ್ಲದ ತಣ್ಣನೆಯ ಶೆಡ್ಡೇ ಅವನ ಸ್ಟುಡಿಯೊ. ಕಪ್ಪು ಬಣ್ಣ ಬಳಿದ ಹಲಗೆಯೊಂದನ್ನು ಬೀಳುವ ಹಿಮಕ್ಕೆ ಒಡ್ಡಿ ನಿಲ್ಲುವುದು. ಮುರಿಯದ, ಚೊಕ್ಕವಾದ ಹರಳು ಕಂಡರೆ ಕೂಡಲೇ ಒಳಗೆ ಬಂದು, ನಮ್ಮ ಹಿಡಿಸೂಡಿಯ ಕಡ್ಡಿಯಂಥ ಸಪೂರ ಕಡ್ಡಿಯಿಂದ ಅದನ್ನೆತ್ತಿ ಗಾಜಿನ ಮೇಲಿಡುವುದು. ಟರ್ಕಿ ಕೋಳಿಯ ಗರಿಯಿಂದ ಮೆಲ್ಲ ಒತ್ತಿ ಸಮ ಮಾಡುವುದು. ಅಷ್ಟು ಹೊತ್ತೂ ಉಸಿರು ಬಿಗಿ ಹಿಡಿಯಬೇಕು, ಬಿಸಿಯುಸಿರು ತಾಗಿದರೆ ಹರಳು ಹೋಯಿತು. ಕ್ಯಾಮೆರಾದ ಹಿಂದೆ ನಿಂತರೆ ಮೈಕ್ರೋಸ್ಕೋಪಿನ ಫೋಕಸ್ ತಿರುಗಣೆಗೆ ಕೈ ಎಟುಕುತ್ತಿರಲಿಲ್ಲ. ಅದಕ್ಕೆ ಚಕ್ರ, ದಾರ ಕಟ್ಟಿ ತಾನೇ ಒಂದು ಉಪಾಯ ಮಾಡಿಕೊಂಡ. ಕೆಲವು ಚಳಿಗಾಲಗಳಲ್ಲಿ ಒಳ್ಳೆಯ ಚಿತ್ರ ಸಿಗುತ್ತಿದ್ದದ್ದು ಕೆಲವೇ ಡಜನ್. 1928ರ ಫೆಬ್ರವರಿಯಲ್ಲಿ ಎರಡು ದಿನದ ಒಂದೇ ಬಿರುಗಾಳಿಯಲ್ಲಿ 100 ಚಿತ್ರ ಸಿಕ್ಕಿದ್ದು ಅವನ ಜೀವಮಾನದ ಹಬ್ಬ. ಕೊನೆಗೆ ಒಟ್ಟು ಲೆಕ್ಕ 5,000 ದಾಟಿತು.

ಎಡಿಟ್ ಮಾಡಿದ ಫೋಟೊ ನಿಜವೋ ಸುಳ್ಳೋ ಎಂದು ಇವತ್ತು ನಾವು ಜಗಳಾಡುತ್ತೇವಲ್ಲ, ಆ ಜಗಳ ಅವನಿಗೂ ಬಂದಿತ್ತು. ಹರಳು ಬಿಳಿ, ಹಿಂದಿನ ಬೆಳಕೂ ಬಿಳಿ. ಹೀಗಾಗಿ ನೆಗೆಟಿವಿನ ಒಂದು ಪ್ರತಿ ಮಾಡಿ, ಹರಳಿನ ಅಂಚಿಗುಂಟ ಚಾಕುವಿನಿಂದ ಸುತ್ತಲಿನ ಲೇಪವನ್ನು ಕೆರೆದು ತೆಗೆಯುತ್ತಿದ್ದ. ಅಚ್ಚು ಹಾಕಿದಾಗ ಹಿನ್ನೆಲೆ ಕಪ್ಪಾಗಿ ಹರಳು ಎದ್ದು ಕಾಣುತ್ತಿತ್ತು. ಒಂದೊಂದಕ್ಕೆ ಗಂಟೆಗಟ್ಟಲೆ ಕೆಲಸ. ಜರ್ಮನಿಯ ವಿಜ್ಞಾನಿಗಳಾದ ಹೆಲ್ಮನ್ ಮತ್ತು ನಾಯ್‌ಹೌಸ್ ಇದನ್ನು ಒಪ್ಪಲಿಲ್ಲ. ಹೀಗೆ ಕೆರೆದರೆ ಹರಳಿನ ನಿಜವಾದ ಅಂಚೇ ಬದಲಾಗುತ್ತದೆ ಎಂಬುದು ಅವರ ಆಕ್ಷೇಪ. ಬೆಂಟ್ಲಿ ಮೂಲ ನೆಗೆಟಿವನ್ನು ಮುಟ್ಟದೆ ಹಾಗೇ ಇಡುತ್ತಿದ್ದ, ಕೆರೆಯುತ್ತಿದ್ದದ್ದು ಪ್ರತಿಯನ್ನು ಮಾತ್ರ. ನನ್ನ ಅಭಿಪ್ರಾಯದಲ್ಲಿ ಗೆದ್ದದ್ದು ಬೆಂಟ್ಲಿ, ಆದರೆ ಜರ್ಮನ್ನರ ಸಂಶಯವೂ ಬೇಕಾದದ್ದೇ.

ಯಾವ ಎರಡು ಹಿಮದ ಹರಳೂ ಒಂದೇ ಥರ ಇರುವುದಿಲ್ಲ ಎಂಬ ಮಾತು ಇಂದು ಮಕ್ಕಳಿಗೂ ಗೊತ್ತು. ಅದನ್ನು ಲೋಕಕ್ಕೆಲ್ಲ ಹಬ್ಬಿಸಿದ್ದು ಬೆಂಟ್ಲಿಯ ಚಿತ್ರಗಳು. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಟ್ಕೋನವಾಗಿ ಜೋಡಿಯಾಗುವುದರಿಂದ ಆರು ಮೂಲೆ. ಕೆಳಗಿಳಿಯುವ ದಾರಿಯಲ್ಲಿ ಸಿಗುವ ಚಳಿ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂಬುದರ ಮೇಲೆ ಕವಲುಗಳ ಆಕಾರ. ಎರಡು ಹರಳು ಬರುವ ದಾರಿ ಒಂದೇ ಆಗಿರುವುದಿಲ್ಲವಲ್ಲ!

ನಮಗೆ ಹೆಚ್ಚು ಹತ್ತಿರದ್ದು ಅವನ ಮಳೆಯ ಕೆಲಸ. ಹಿಮವಿಲ್ಲದ ತಿಂಗಳುಗಳಲ್ಲಿ ಸುಮ್ಮನೆ ಕೂರದೆ ಇಬ್ಬನಿಯ, ಜೇಡರ ಬಲೆಯ ಚಿತ್ರ ತೆಗೆದ. ಅಷ್ಟಕ್ಕೇ ಬಿಡದೆ ಮಳೆಹನಿಯ ಗಾತ್ರ ಅಳೆಯಲು ಹೊರಟ. ಉಪಕರಣ ಏನು ಗೊತ್ತೇ? ಒಂದು ತಟ್ಟೆ ನುಣ್ಣನೆಯ ಹಿಟ್ಟು. ಕೆಲವು ಸೆಕೆಂಡು ಮಳೆಗೆ ಒಡ್ಡಿದರೆ ಬಿದ್ದ ಒಂದೊಂದು ಹನಿಯೂ ಒಂದೊಂದು ಉಂಡೆಯಾಗುತ್ತದೆ. ಅದನ್ನು ಒಣಗಿಸಿ ಅಳೆಯುವುದು. 1898ರಿಂದ 1904ರವರೆಗೆ ಹೀಗೆ 300ಕ್ಕೂ ಹೆಚ್ಚು ಸಲ ಅಳೆದು ಪ್ರಕಟಿಸಿದ. ಕಳೆದ ಜೂನ್‌ನಲ್ಲಿ ನಾನೂ ಮೈದಾ ಹಿಡಿದು ಅಂಗಳಕ್ಕೆ ಇಳಿದೆ. ನಮ್ಮ ಮುಂಗಾರಿಗೆ ಎರಡು ಸೆಕೆಂಡೂ ಜಾಸ್ತಿ, ತಟ್ಟೆಯಲ್ಲಿ ಉಳಿದದ್ದು ದೋಸೆ ಹಿಟ್ಟು! ಮೇಲಿನಿಂದ ಬಟ್ಟಲು ಮುಚ್ಚಿ, ಅರೆಕ್ಷಣ ತೆಗೆದು ಮತ್ತೆ ಮುಚ್ಚಿದಾಗ ಉಂಡೆಗಳು ಸಿಕ್ಕವು. ಕೆಲವು ಸಾಸಿವೆಯಷ್ಟು, ಒಂದೆರಡು ಉದ್ದಿನ ಕಾಳಿನಷ್ಟು. ಅಮ್ಮನಿಗೆ ಮೈದಾ ಹಾಳಾದ ಬೇಸರ, ಅಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಊರಿನವರಿಗೆ ಬೆಂಟ್ಲಿ ಒಬ್ಬ ವಿಚಿತ್ರ ಮನುಷ್ಯ. ಮದುವೆಯಾಗಲಿಲ್ಲ. ಅಣ್ಣನ ಸಂಸಾರದ ಜೊತೆ ಅದೇ ಮನೆಯಲ್ಲಿ ಬದುಕಿದ, ಹಸು ಕರೆದ, ಹುಲ್ಲು ಕೊಯ್ದ. ಬೇಸಿಗೆಯ ಸಂಜೆಗಳಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಬೆಡ್‌ಶೀಟ್ ಕಟ್ಟಿ, ಹುಲ್ಲಿನ ಮೇಲೆ ಕೂತ ಮಕ್ಕಳಿಗೂ ದೊಡ್ಡವರಿಗೂ ಸ್ಲೈಡ್ ತೋರಿಸುತ್ತಿದ್ದ. ಚಿತ್ರದ ಪ್ರತಿಗಳನ್ನು 5 ಸೆಂಟಿಗೆ ಒಂದರಂತೆ ಮಾರಿದ್ದೂ ಇದೆ. ಅವನೇ ಒಮ್ಮೆ ಹಾಕಿದ ಲೆಕ್ಕದಂತೆ ಖರ್ಚು 15,000 ಡಾಲರ್, ಬಂದದ್ದು 4,000ಕ್ಕಿಂತ ಕಡಿಮೆ. ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.

ಅವನ ಚಿತ್ರಗಳು ಸೇರಿದ ದೊಡ್ಡ ಪುಸ್ತಕ, 'ಸ್ನೋ ಕ್ರಿಸ್ಟಲ್ಸ್', ಹೊರಬಂದದ್ದು 1931ರ ನವೆಂಬರ್‌ನಲ್ಲಿ. ಅದರಲ್ಲಿ 2,400ಕ್ಕೂ ಹೆಚ್ಚು ಚಿತ್ರಗಳಿದ್ದವು. ಪೀಠಿಕೆ ಬರೆದವರು ಅಮೆರಿಕದ ಹವಾಮಾನ ಇಲಾಖೆಯ ಹಂಫ್ರೀಸ್. ಈ ಚಿತ್ರಗಳಿಂದ ಪ್ರೇರಣೆ ಪಡೆದ ಜಪಾನಿನ ಉಕಿಚಿರೊ ನಕಾಯ 1936ರಲ್ಲಿ, ಮೊಲದ ಒಂದು ಕೂದಲಿನ ತುದಿಯಲ್ಲಿ, ಪ್ರಯೋಗಾಲಯದೊಳಗೇ ಹಿಮದ ಹರಳು ಬೆಳೆಸಿದರು. ಅದನ್ನು ನೋಡಲು ಬೆಂಟ್ಲಿ ಇರಲಿಲ್ಲ. ಪುಸ್ತಕ ಬಂದ ಮುಂದಿನ ತಿಂಗಳೇ, 66ನೇ ವಯಸ್ಸಿನಲ್ಲಿ, ಹಿಮಗಾಳಿಯ ನಡುವೆ ಸುಮಾರು 6 ಮೈಲಿ ನಡೆದು ಮನೆಗೆ ಬಂದ. ನೆಗಡಿ ನ್ಯುಮೋನಿಯಾಕ್ಕೆ ತಿರುಗಿ ಡಿಸೆಂಬರ್ 23ರಂದು ತೀರಿಕೊಂಡ. ಅವನ ಹವಾಮಾನ ದಿನಚರಿಯ ಕೊನೆಯ ಬರಹ ಡಿಸೆಂಬರ್ 7ರದ್ದು. ಅಂದು ಮಧ್ಯಾಹ್ನದ ಮೇಲೆ ಉತ್ತರದಿಂದ ಬೀಸಿದ ಚಳಿಗಾಳಿಯನ್ನೂ, ಹಾರುತ್ತಿದ್ದ ಹಿಮವನ್ನೂ ಅದರಲ್ಲಿ ಗುರುತು ಹಾಕಿಟ್ಟಿದ್ದಾನೆ.