ಪೊಲೀಸ್ ಅಧಿಕಾರಿಯಾಗಿ ಆರಂಭಿಸಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್

ಮುಂದೆ ಏನಾಗಬೇಕೆಂದಿದ್ದೀರಿ ಎಂದು ನಮ್ಮ ಹೈಸ್ಕೂಲಿನ ಮಕ್ಕಳನ್ನು ಕೇಳಿದರೆ ಡಾಕ್ಟರ್, ಇಂಜಿನಿಯರ್ ಎಂಬ ಉತ್ತರ ಬರುತ್ತದೆ. ಗಲ್ಫ್‌ಗೆ ಹೋಗುತ್ತೇನೆ ಎನ್ನುವವರೂ ಕಡಿಮೆಯಿಲ್ಲ. ಪೊಲೀಸ್ ಅಧಿಕಾರಿಯಾಗುತ್ತೇನೆ ಎನ್ನುವ ಮಗು ಮಾತ್ರ ಅಪರೂಪ. ಯಾರಾದರೂ ಹಾಗೆ ಹೇಳಿದರೆ, ಅದು ನಮ್ಮವರಿಗೆ ಸಿಗುವ ಕೆಲಸವೇ ಎಂಬ ಅನುಮಾನ ಮನೆಯ ಹಿರಿಯರಿಂದಲೇ ಮೊದಲು ಬರುತ್ತದೆ. ಈ ಅನುಮಾನ ಇರುವವರು ಸರ್ ಮಿರ್ಜಾ ಇಸ್ಮಾಯಿಲ್‌ರವರ ಜೀವನವನ್ನು ಒಮ್ಮೆ ಓದಬೇಕು. ಮೈಸೂರು ಸಂಸ್ಥಾನದ ದಿವಾನರಾಗಿ ಅವರ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅವರು ಸರ್ಕಾರಿ ಸೇವೆಯನ್ನು ಆರಂಭಿಸಿದ್ದು ಪೊಲೀಸ್ ಇಲಾಖೆಯಲ್ಲಿ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಮನೆತನ ಮತ್ತು ವಿದ್ಯಾಭ್ಯಾಸ

ಮಿರ್ಜಾ ಇಸ್ಮಾಯಿಲ್‌ರವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್ ಪಟ್ಟಣದವರು. ಕುದುರೆ ವ್ಯಾಪಾರಕ್ಕಾಗಿ 1824ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದರು. ಅರಮನೆಗೂ ಬ್ರಿಟಿಷ್ ಸೈನ್ಯಕ್ಕೂ ಕುದುರೆಗಳನ್ನು ಒದಗಿಸಿ, ಮುಂದೆ ದಂಡು ಪ್ರದೇಶದಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇವರ ಹೆಸರಿನದೇ. ಹೀಗೆ ಹೊರನಾಡಿನಿಂದ ಬಂದ ಕುಟುಂಬವು ಎರಡು ತಲೆಮಾರುಗಳಲ್ಲಿ ಮೈಸೂರಿನ ಕುಟುಂಬವೇ ಆಯಿತು. ಮಿರ್ಜಾರವರ ತಂದೆ ಅರಮನೆಯ ಸೇವೆಯಲ್ಲಿದ್ದರು.

ಮುಂದೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್‌ರವರಿಗೆ ಬಾಲ್ಯದಲ್ಲಿ ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯು ಪಾಠ ಹೇಳುತ್ತಿದ್ದರು. ಯುವರಾಜರ ಜೊತೆ ಕಲಿಯಲು ಆರಿಸಿದ ಕೆಲವೇ ಹುಡುಗರಲ್ಲಿ ಮಿರ್ಜಾ ಒಬ್ಬರು. ಇಬ್ಬರಿಗೂ ವಯಸ್ಸಿನಲ್ಲಿ ಕೆಲವೇ ತಿಂಗಳ ಅಂತರ. ಅಲ್ಲಿ ಬೆಳೆದ ಸ್ನೇಹ 1940ರಲ್ಲಿ ಮಹಾರಾಜರು ತೀರಿಕೊಳ್ಳುವವರೆಗೂ ಉಳಿಯಿತು.

1902ರಲ್ಲಿ ಕೃಷ್ಣರಾಜ ಒಡೆಯರ್‌ರವರು ಪೂರ್ಣಾಧಿಕಾರ ವಹಿಸಿಕೊಂಡರು. ಸಹಪಾಠಿಯೇ ರಾಜನಾದ ಮೇಲೆ ಓದಿನ ಹಂಗೇಕೆ ಎಂದು ಬೇರೆ ಯಾರಾದರೂ ಪುಸ್ತಕ ಮುಚ್ಚಿಡುತ್ತಿದ್ದರೇನೋ. ಮಿರ್ಜಾರವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದನ್ನು ಮುಂದುವರಿಸಿ ಪದವೀಧರರಾದರು. ಆಗ ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯವಿರಲಿಲ್ಲ. ಸೆಂಟ್ರಲ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು.

ಪೊಲೀಸ್ ಇಲಾಖೆಯಲ್ಲಿ

ಪದವಿ ಮುಗಿದ ನಂತರ 1905ರಲ್ಲಿ ಮಿರ್ಜಾರವರು ಮೈಸೂರು ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿ ಸೇರಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ಪ್ರಾಯ. ಮನೆತನದ ಹೆಸರು, ಮಹಾರಾಜರ ಸ್ನೇಹ ಇವು ಅವರಿಗೆ ನೆರವಾಗಲಿಲ್ಲ ಎಂದು ಹೇಳಲಾಗದು. ಆದರೂ ಅರಮನೆಯೊಳಗಿನ ಸುಖದ ಹುದ್ದೆಯೊಂದರಿಂದ ಅವರ ವೃತ್ತಿಜೀವನ ಆರಂಭವಾಗಲಿಲ್ಲ. ಜನರ ಜಗಳ, ಕಳ್ಳತನ, ಜಾತ್ರೆ, ಮೆರವಣಿಗೆ ಎಲ್ಲವನ್ನೂ ನೋಡಿಕೊಳ್ಳಬೇಕಾದ ಇಲಾಖೆಯಲ್ಲಿ ಅದು ಆರಂಭವಾಯಿತು.

ಆಗಿನ ಬೆಂಗಳೂರಿನ ಆಡಳಿತವೇ ಎರಡು ಭಾಗವಾಗಿತ್ತು. ಹಳೆಯ ಪೇಟೆ ಮತ್ತು ಅದರ ಬಡಾವಣೆಗಳು ಮಹಾರಾಜರ ಸರ್ಕಾರಕ್ಕೆ ಸೇರಿದ್ದರೆ, ದಂಡು ಪ್ರದೇಶವು ಬ್ರಿಟಿಷರ ಕೈಯಲ್ಲಿತ್ತು. 1947ರಲ್ಲಷ್ಟೇ ದಂಡು ಪ್ರದೇಶ ಮೈಸೂರಿಗೆ ಮರಳಿತು. ಒಂದೇ ಊರಿನಲ್ಲಿ ಎರಡು ಸರ್ಕಾರಗಳಿದ್ದ ಕಾಲದಲ್ಲಿ ಶಾಂತಿ ಸುವ್ಯವಸ್ಥೆ ಕಾಪಾಡುವುದು ಸುಲಭದ ಕೆಲಸವಾಗಿರಲಿಲ್ಲ.

1908ರಲ್ಲಿ ಮಹಾರಾಜರು ಅವರನ್ನು ಸಹಾಯಕ ಕಾರ್ಯದರ್ಶಿಯಾಗಿ ಅರಮನೆಗೆ ಕರೆಸಿಕೊಂಡರು. 1914ರಲ್ಲಿ ಹುಜೂರ್ ಕಾರ್ಯದರ್ಶಿ, 1922ರಲ್ಲಿ ಆಪ್ತ ಕಾರ್ಯದರ್ಶಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ 1926ರ ಮೇ ತಿಂಗಳಲ್ಲಿ ದಿವಾನರಾದರು. ಆಗ ಅವರ ವಯಸ್ಸು 42. 1881ರಲ್ಲಿ ಸಂಸ್ಥಾನವು ಒಡೆಯರ್ ವಂಶಕ್ಕೆ ಮರಳಿದ ನಂತರ ಆ ಹುದ್ದೆಗೇರಿದ ಮುಸ್ಲಿಮರು ಇವರೊಬ್ಬರೇ.

ಊರನ್ನು ಕಣ್ಣಾರೆ ನೋಡಿದ ದಿವಾನರು

ಮಿರ್ಜಾರವರ ಕಾಲದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ (1933), ಭದ್ರಾವತಿಯ ಕಾಗದ ಮತ್ತು ಸಿಮೆಂಟ್ ಕಾರ್ಖಾನೆಗಳು, ಬೆಂಗಳೂರಿನ ಪಿಂಗಾಣಿ ಮತ್ತು ವಿದ್ಯುತ್ ಬಲ್ಬ್ ಕಾರ್ಖಾನೆಗಳು ಬಂದವು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್‌ರವರ ಜೊತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಆರಂಭವಾಯಿತು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ, ಬೆಂಗಳೂರಿನ ಪುರಭವನ ಇವೂ ಆ ಕಾಲದವೇ. ಹಳ್ಳಿಹಳ್ಳಿಗೆ ವಿದ್ಯುತ್ ದೀಪ ಮುಟ್ಟಿಸುವ ಕೆಲಸವೂ ಭರದಿಂದ ನಡೆಯಿತು.

ಕಚೇರಿಯಲ್ಲಿ ಕುಳಿತು ಕಡತಗಳಿಂದಲೇ ಊರನ್ನು ತಿಳಿಯುವುದು ಅವರಿಗೆ ಸಮ್ಮತವಿರಲಿಲ್ಲ. ಬೆಳಿಗ್ಗೆ ಊರು ಸುತ್ತಿ ಚರಂಡಿ, ಬೀದಿದೀಪ, ಉದ್ಯಾನಗಳನ್ನು ತಾವೇ ನೋಡುತ್ತಿದ್ದರೆಂಬುದು ಹಳೆಯ ಬೆಂಗಳೂರು, ಮೈಸೂರಿನವರಲ್ಲಿ ಮನೆಮಾತಾಗಿತ್ತು. ಬೀಟ್ ತಿರುಗುವ ಪೊಲೀಸರ ಅಭ್ಯಾಸ ಇದರಲ್ಲಿ ಉಳಿದಿತ್ತು ಎಂದು ನನಗೆ ತೋರುತ್ತದೆ.

ಎರಡು ಪರೀಕ್ಷೆಗಳು

ಶಾಂತಿ ಪಾಲನೆಯ ವಿಷಯದಲ್ಲಿ ಅವರಿಗೆ ನಿಜವಾದ ಪರೀಕ್ಷೆ ಎದುರಾದದ್ದು ದಿವಾನರಾದ ಮೇಲೆ. ಮೊದಲನೆಯದು 1928ರಲ್ಲಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ಬಗ್ಗೆ ಎದ್ದ ವಿವಾದ ಬೀದಿಗೆ ಬಂದು ಗಲಭೆಯಾಯಿತು. ದಿವಾನರು ಮುಸ್ಲಿಮರಾದ್ದರಿಂದ ಸಂಶಯದ ಬೆರಳು ಅವರ ಕಡೆಗೇ ತಿರುಗಿತು. ಇಂತಹ ಸಂದರ್ಭದಲ್ಲಿ ಅಧಿಕಾರಿ ಏನು ಮಾಡಿದರೂ ಒಂದು ಕಡೆಯವರಿಗೆ ಅನ್ಯಾಯವೆನಿಸುತ್ತದೆ. ಸರ್ಕಾರವು ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರಾಗಿದ್ದವರು ಮಾಜಿ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು. ದಿವಾನರ ಮುಖ ನೋಡಿ ವರದಿ ಬರೆಯುವವರು ಅವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಎರಡನೆಯದು ಇನ್ನೂ ಕಠಿಣ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿಗರು ನಿಷೇಧಾಜ್ಞೆ ಮುರಿದು ರಾಷ್ಟ್ರಧ್ವಜ ಹಾರಿಸಿದರು. ಚಳವಳಿ ಬೇರೆ ಊರುಗಳಿಗೂ ಹಬ್ಬಿತು. ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅನೇಕರು ಪ್ರಾಣ ಕಳೆದುಕೊಂಡರು. ಸತ್ತವರೆಷ್ಟು ಎಂಬಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದೇ ಆ ಊರಿಗೆ ಹೆಸರು ಬಂತು.

ಮಿರ್ಜಾರವರ ಮೇಲಿನ ಅಭಿಮಾನದಿಂದ ಈ ಘಟನೆಯನ್ನು ಮರೆಮಾಚುವುದು ಸರಿಯಲ್ಲ. ಗುಂಡು ಹಾರಿಸಲು ಆಜ್ಞೆ ಕೊಟ್ಟವರು ಸ್ಥಳದಲ್ಲಿದ್ದ ಅಧಿಕಾರಿಗಳೇ ಆಗಿದ್ದರೂ, ಸರ್ಕಾರದ ಮುಖ್ಯಸ್ಥರು ದಿವಾನರೇ. ಆದರೆ ಅನಂತರ ನಡೆದುದನ್ನೂ ನೋಡಬೇಕು. ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದಾಗ ಮಿರ್ಜಾರವರು ಅವರೊಡನೆ ಮಾತುಕತೆಗೆ ಕುಳಿತರು. ಮೇ ತಿಂಗಳಲ್ಲಿ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನು ಹಾರಿಸಲು ಅವಕಾಶ ದೊರೆಯಿತು. ಈ ಮಾತುಕತೆ ಒಂದು ತಿಂಗಳು ಮೊದಲೇ ನಡೆದಿದ್ದರೆ ಆ ಜೀವಗಳು ಉಳಿಯುತ್ತಿದ್ದವಲ್ಲವೇ? ಖಾಕಿ ತೊಡಲು ಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪೊಲೀಸರ ಕೈಗೆ ಲಾಠಿ, ಬಂದೂಕು ಕೊಡುವುದು ಜನರ ರಕ್ಷಣೆಗಾಗಿ.

ಮೈಸೂರಿನ ಹೊರಗೆ

ಮಹಾರಾಜರು 1940ರ ಆಗಸ್ಟ್ 3ರಂದು ನಿಧನರಾದರು. ಮರುವರ್ಷ ಮಿರ್ಜಾರವರು ದಿವಾನಗಿರಿಗೆ ರಾಜೀನಾಮೆ ನೀಡಿದರು. 1942ರಿಂದ 1946ರವರೆಗೆ ಜೈಪುರ ಸಂಸ್ಥಾನದ ಪ್ರಧಾನಿಯಾಗಿದ್ದರು. ಜೈಪುರಕ್ಕೆ ಹೋದವರು ಎಂ.ಐ. ರೋಡ್ ಎಂಬ ಪ್ರಸಿದ್ಧ ರಸ್ತೆಯನ್ನು ನೋಡಿರುತ್ತಾರೆ. ಅದು ಮಿರ್ಜಾ ಇಸ್ಮಾಯಿಲ್ ರಸ್ತೆ.

1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡರು. ಭಾರತದೊಡನೆ ಹೊಂದಿಕೊಂಡು ಹೋಗುವುದೇ ಸಂಸ್ಥಾನಕ್ಕೆ ಹಿತವೆಂಬುದು ಮಿರ್ಜಾರವರ ಅಭಿಪ್ರಾಯ. ಅಲ್ಲಿನ ಉಗ್ರವಾದಿ ಗುಂಪಿಗೆ ಅದು ಹಿಡಿಸಲಿಲ್ಲ. ವಿರೋಧ ಬೆಳೆದು 1947ರ ಮೇ ತಿಂಗಳಲ್ಲಿ ಅವರು ಹುದ್ದೆ ಬಿಟ್ಟು ಬಂದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಹೈದರಾಬಾದನ್ನು ಪ್ರವೇಶಿಸಿತು. ಚರಿತ್ರೆಯಲ್ಲಿ ಅದಕ್ಕೆ ಪೊಲೀಸ್ ಕಾರ್ಯಾಚರಣೆ ಎಂದೇ ಹೆಸರು. ಅದರಲ್ಲಿಯೂ ಅದರ ನಂತರವೂ ಅಪಾರ ಜನ ನೊಂದರು, ಸತ್ತರು. ಹಳೆಯ ಪೊಲೀಸ್ ಅಧಿಕಾರಿಯ ಸಲಹೆಯನ್ನು ನಿಜಾಮರು ಕೇಳಿದ್ದರೆ ಆ ದಿನಗಳು ಬೇರೆಯಾಗುತ್ತಿದ್ದವೇನೋ.

ಮಿರ್ಜಾರವರು ಮುಂದೆ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಹುಟ್ಟಿದ ಊರಾದ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.

ನಮ್ಮ ಮಕ್ಕಳಿಗೆ

ವಿದ್ಯಾರ್ಥಿ ಮಿತ್ರರೇ, ನಮ್ಮ ಶಂಕರಪುರ, ಕಾಪು, ಕಾರ್ಕಳದ ಮನೆಗಳಲ್ಲಿ ಮಹಾರಾಜರ ಸಹಪಾಠಿಗಳಿಲ್ಲ. ಮಲ್ಲಿಗೆ ಕಟ್ಟುವ, ಮೀನು ಮಾರುವ, ಅಂಗಡಿ ನಡೆಸುವ ತಂದೆತಾಯಿಗಳಿದ್ದಾರೆ. ಆದರೆ ಮಿರ್ಜಾರವರ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಈಗ ಇದೆ. ಇಂದು ಪೊಲೀಸ್ ಅಧಿಕಾರಿಯಾಗಲು ಯಾರ ಸ್ನೇಹವೂ ಬೇಡ. ಬಹಿರಂಗ ಪ್ರಕಟಣೆ, ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ ಎಲ್ಲರಿಗೂ ಒಂದೇ. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿ ಬೇಕು. ಡಿವೈಎಸ್‌ಪಿ ಆಗಲು ಕೆಪಿಎಸ್‌ಸಿ, ಐಪಿಎಸ್‌ಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು. ಅವುಗಳ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಬೆಂಗಳೂರಿನಲ್ಲಿ 1963ರಿಂದ ಪೊಲೀಸ್ ಕಮಿಷನರ್ ವ್ಯವಸ್ಥೆಯಿದೆ. ನಮಗೆ ಹತ್ತಿರದ ಮಂಗಳೂರಿಗೂ 2010ರಲ್ಲಿ ಅದು ಬಂತು. ಇಂತಹ ನಗರಗಳಿಗೆ ಓದಿದ, ಜನರ ಭಾಷೆ ಬಲ್ಲ ಅಧಿಕಾರಿಗಳು ಬೇಕು. ತುಳು, ಬ್ಯಾರಿ, ಕೊಂಕಣಿ, ಉರ್ದು, ಕನ್ನಡ ಕೇಳುತ್ತಾ ಬೆಳೆದ ನಮ್ಮ ಮಕ್ಕಳಿಗೆ ಇದೇ ದೊಡ್ಡ ಬಂಡವಾಳ.

ಅಡ್ಡದಾರಿಯ ಆಸೆ ಮಾತ್ರ ಬೇಡ. 2021ರಲ್ಲಿ 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ ರದ್ದಾಗಿ, 2024ರ ಜನವರಿಯಲ್ಲಿ ಮತ್ತೆ ನಡೆಯಿತು. ಕೆಲವರ ದುರಾಸೆಯಿಂದ ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಳಾಯಿತು.

ಪಾಲಕರಲ್ಲಿಯೂ ಒಂದು ವಿನಂತಿ. ಮಗನೋ ಮಗಳೋ ಪೊಲೀಸ್ ಪರೀಕ್ಷೆಗೆ ಓದುತ್ತೇನೆ ಎಂದರೆ ನಗಬೇಡಿ, ಹೆದರಿಸಬೇಡಿ. ಠಾಣೆಯಲ್ಲಿ ನಮ್ಮ ಮಾತು ಕೇಳುವವರಿಲ್ಲ ಎಂದು ದೂರುವ ನಾವೇ, ಠಾಣೆಯೊಳಗೆ ಕುಳಿತು ಎಲ್ಲರ ಮಾತನ್ನೂ ಸಮನಾಗಿ ಕೇಳುವ ಅಧಿಕಾರಿಗಳನ್ನು ನಮ್ಮ ಮನೆಗಳಿಂದ ಕಳುಹಿಸಬೇಕಲ್ಲವೇ? ಪದವಿಯ ತನಕ ಓದು ನಿಲ್ಲದಂತೆ ನೋಡಿಕೊಳ್ಳುವುದು ಅದಕ್ಕೆ ಮೊದಲ ಹೆಜ್ಜೆ. ಮಿರ್ಜಾ ಇಸ್ಮಾಯಿಲ್‌ರವರೂ ಮೊದಲು ಮಾಡಿದ್ದು ಅದನ್ನೇ.